ಔರಾ ಫಾರ್ಮಿಂಗ್ ಇರಲಿ, ಇಂಡೋನೇಷ್ಯಾದ ಹುಡುಗರ ಟ್ರೆಂಡಿನಿಂದ ಅಲ್ಲಿನ ರೈತನಿಗೆ ಸಿಕ್ಕಿದ್ದೇನು?

2025ರ ಜುಲೈನಲ್ಲಿ ನಿಮ್ಮ ಫೋನಿಗೂ ಆ ವಿಡಿಯೋ ಬಂದಿರುತ್ತೆ. ಉದ್ದನೆಯ ದೋಣಿ, ಹುಟ್ಟು ಹಾಕ್ತಿರೋ ಹತ್ತಾರು ಜನ, ದೋಣಿಯ ಮೂತಿಯ ಮೇಲೆ ಕಪ್ಪು ಬಟ್ಟೆ, ಕಪ್ಪು ಕನ್ನಡಕದ 11 ವರ್ಷದ ಒಬ್ಬ ಹುಡುಗ. ದೋಣಿ ಬಾಣದ ಹಾಗೆ ಹೋಗ್ತಿದ್ರೂ ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಕೈ ತಿರುಗಿಸುತ್ತಾ ನಿಧಾನವಾಗಿ ಕುಣೀತಾನೆ. ಇಂಟರ್ನೆಟ್ಟಿನ ಹುಡುಗರು ಇದಕ್ಕೆ ‘ಔರಾ ಫಾರ್ಮಿಂಗ್’ ಅಂದರು. ಅಂದ್ರೆ, ಬೆಳೆ ತೆಗೆದ ಹಾಗೆ ಗತ್ತು ತೆಗೆಯೋದು. ನಮ್ಮ ತರಕಾರಿ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಆ ವಿಡಿಯೋ ಹಾಕಿ, ‘ಅಣ್ಣ, ಈ ಫಾರ್ಮಿಂಗಿಗೆ ಸಬ್ಸಿಡಿ ಇದೆಯಾ?’ ಅಂತ ಕೇಳಿದ್ದ.

ಎಲ್ಲರೂ ನಕ್ಕೆವು. ಆಮೇಲೆ ನಾನು ಆ ದೋಣಿಯ ವಿಷಯ ಹುಡುಕಿ ಓದಿದೆ. ಅದು ಸುಮಾತ್ರಾ ದ್ವೀಪದ ರಿಯಾವು ಪ್ರಾಂತ್ಯದಲ್ಲಿ, ಕುವಾಂತಾನ್ ನದಿಯಲ್ಲಿ ನಡೆಯೋ ‘ಪಾಚು ಜಾಲೂರ್’ ಅನ್ನೋ ದೋಣಿ ಪಂದ್ಯ. ಅವರ ಸ್ವಾತಂತ್ರ್ಯ ದಿನ ಆಗಸ್ಟ್ 17. ಅದರ ಆಸುಪಾಸಿನಲ್ಲಿ ಪ್ರತಿ ವರ್ಷ ದೊಡ್ಡ ಪಂದ್ಯ ಇರುತ್ತೆ. ಒಂದೇ ಮರದ ಕಾಂಡ ಕೊರೆದು ಮಾಡಿದ ದೋಣಿ, 25ರಿಂದ 40 ಮೀಟರ್ ಉದ್ದ. ನನಗೆ ಇಷ್ಟವಾದ ಸಂಗತಿ ಬೇರೆ. ರಸ್ತೆಗಳಿಲ್ಲದ ಕಾಲದಲ್ಲಿ ಈ ದೋಣಿಗಳು ಇದ್ದಿದ್ದು ಬಾಳೆ, ಕಬ್ಬಿನಂಥ ಬೆಳೆ ಸಾಗಿಸೋಕೆ. ಅಂದ್ರೆ ಆ ಹುಡುಗ ಕುಣೀತಿರೋದು ಒಂದು ಕಾಲದ ರೈತರ ಸರಕು ಗಾಡಿಯ ಮೇಲೆ!

ದೋಣಿ ಜಗತ್ತಿಗೆಲ್ಲ ಗೊತ್ತಾಯ್ತು, ಅದು ಹೊರುತ್ತಿದ್ದ ಬೆಳೆ ಯಾರಿಗೂ ಗೊತ್ತಾಗಲಿಲ್ಲ. ಇಂಡೋನೇಷ್ಯಾದ ಯುವಜನರ ಟ್ರೆಂಡುಗಳನ್ನು ನಾನು ಕೆಲವು ವರ್ಷಗಳಿಂದ ನೋಡ್ತಾ ಬಂದಿದ್ದೀನಿ. ಶೋಕಿಗೆ ಶುರುವಾಗಿದ್ದು, ಆಮೇಲೆ ದುಡ್ಡು ಕಳ್ಕೊಂಡು ಪಾಠವಾಯ್ತು. ಅದನ್ನೂ ಹೇಳ್ತೀನಿ. ಈ ವಾರದ ಪ್ರಶ್ನೆ ಇಷ್ಟೇ: ಪೇಟೆಯ ಹುಡುಗರಿಗೆ ಏನಾದ್ರೂ ಹುಚ್ಚು ಹಿಡಿದಾಗ, ಹೊಲದಲ್ಲಿರೋನಿಗೆ ಯಾವಾಗ ಲಾಭ, ಯಾವಾಗ ಗುಂಡಿ?

ಅರ್ಧಕ್ಕಿಂತ ಹೆಚ್ಚು ಜನ ನಮ್ಮ ವಯಸ್ಸಿನವರೇ

ಇಂಡೋನೇಷ್ಯಾ ಅಂದ್ರೆ ಸಾವಿರಾರು ದ್ವೀಪಗಳ ದೇಶ. 2020ರ ಜನಗಣತಿ ಪ್ರಕಾರ ಜನಸಂಖ್ಯೆ 27 ಕೋಟಿ. ಅದರಲ್ಲಿ 1997ರಿಂದ 2012ರ ನಡುವೆ ಹುಟ್ಟಿದವರು ಸುಮಾರು ಶೇ 28. ಅವರಿಗಿಂತ ಸ್ವಲ್ಪ ದೊಡ್ಡವರಾದ ಮಿಲೇನಿಯಲ್ ತಲೆಮಾರು ಸುಮಾರು ಶೇ 26. ಎರಡೂ ಸೇರಿಸಿದ್ರೆ ದೇಶದ ಅರ್ಧಕ್ಕಿಂತ ಹೆಚ್ಚು. ಇವರು ಏನು ಕುಡೀತಾರೆ, ಏನು ಉಡ್ತಾರೆ, ಮನೆಯಲ್ಲಿ ಯಾವ ಗಿಡ ಇಟ್ಕೋತಾರೆ ಅನ್ನೋದೇ ಅಲ್ಲಿನ ಮಾರ್ಕೆಟ್ಟು.

ಅವರ ಮಾತು ಕೇಳಿದ್ರೆ ನಮ್ಮವರೇ ಅನ್ನಿಸುತ್ತೆ. ‘ನೊಂಗ್‌ಕ್ರೊಂಗ್’ ಅಂತ ಒಂದು ಪದ ಇದೆ. ಕೆಲಸವಿಲ್ಲದೆ ನಾಲ್ಕು ಜನ ಸೇರಿ ಕೂತು ಹರಟೋದು. ನಮ್ಮ ಊರಿನ ಕಟ್ಟೆ ಪಂಚಾಯ್ತಿ ಅನ್ನಿ. ‘ಮಾಗೆರ್’ ಅಂದ್ರೆ ಮೈ ಅಲ್ಲಾಡಿಸೋಕೂ ಸೋಮಾರಿತನ. ‘ಗಾಬುಟ್’ ಅಂದ್ರೆ ಮಾಡೋಕೆ ಏನೂ ಇಲ್ಲದೆ ಬೇಜಾರು. ದಕ್ಷಿಣ ಜಕಾರ್ತದ ಹುಡುಗರು ಮಾತಿಗೊಂದು ಇಂಗ್ಲಿಷ್ ಪದ ಹಾಕ್ತಾರೆ ಅಂತ ಉಳಿದವರು ಆಡ್ಕೋತಾರೆ, ನಾವು ಬೆಂಗಳೂರಿಗೆ ಹೋಗಿ ಬಂದವರನ್ನು ಆಡ್ಕೊಳ್ಳೋ ಹಾಗೇ.

ನೊಂಗ್‌ಕ್ರೊಂಗಿಗೆ ಒಂದು ಜಾಗ ಬೇಕು, ಕೈಯಲ್ಲೊಂದು ಲೋಟ ಬೇಕು. ರೈತನ ಕಥೆ ಶುರುವಾಗೋದು ಇಲ್ಲಿಂದ.

ಒಂದು ಲೋಟ ಐಸ್ ಕಾಫಿ

ಇಂಡೋನೇಷ್ಯಾ ಜಗತ್ತಿನ ದೊಡ್ಡ ಕಾಫಿ ಬೆಳೆಯೋ ದೇಶಗಳಲ್ಲಿ ಒಂದು. ಬೆಳೆಯೋರು ಬಹುಪಾಲು ಸಣ್ಣ ರೈತರೇ. ಬೆಳೆ ಬಹುಪಾಲು ರೊಬಸ್ಟಾ. ಆದ್ರೆ ಬಹಳ ವರ್ಷ ಅಲ್ಲಿನ ಸಾಮಾನ್ಯ ಜನ ಕುಡಿದಿದ್ದು ಸಕ್ಕರೆ, ಪುಡಿ ಎಲ್ಲ ಕಲಸಿದ ಸ್ಯಾಷೆ ಕಾಫಿ. ಸೈಕಲ್ ಮೇಲೆ ಫ್ಲಾಸ್ಕ್ ಇಟ್ಕೊಂಡು ಅದನ್ನು ಮಾರೋರಿಗೆ ಹುಡುಗರು ‘ಸ್ಟಾರ್ಲಿಂಗ್’ ಅಂತ ಹೆಸರಿಟ್ಟಿದ್ದಾರೆ. ಸ್ಟಾರ್‌ಬಕ್ಸ್ ಜೊತೆ ‘ಕೆಲಿಲಿಂಗ್’, ಅಂದ್ರೆ ಸುತ್ತಾಡೋದು, ಸೇರಿಸಿ ಮಾಡಿದ ತಮಾಷೆ ಪದ. ದುಬಾರಿ ಕಾಫಿ ಮಾಲ್‌ನಲ್ಲಿ, ಅಗ್ಗದ ಕಾಫಿ ಸೈಕಲ್ ಮೇಲೆ. ನಡುವೆ ಏನೂ ಇರಲಿಲ್ಲ.

ಆ ನಡುವಿನ ಜಾಗ ತುಂಬಿದ್ದು ‘ಎಸ್ ಕೋಪಿ ಸುಸು’. ಎಸ್ ಅಂದ್ರೆ ಐಸ್, ಕೋಪಿ ಕಾಫಿ, ಸುಸು ಹಾಲು. 2015ರಲ್ಲಿ ದಕ್ಷಿಣ ಜಕಾರ್ತದ ಚಿಪೆಟೆ ಅನ್ನೋ ಕಡೆ ‘ತೋಕೊ ಕೋಪಿ ತುಕು’ ಅನ್ನೋ ಸಣ್ಣ ಅಂಗಡಿ ಶುರುವಾಯ್ತು. ತಾಳೆ ಬೆಲ್ಲ ಹಾಕಿದ ಐಸ್ ಕಾಫಿಗೆ ಅವರಿಟ್ಟ ಹೆಸರು ‘ಪಕ್ಕದ್ಮನೆ ಕಾಫಿ’ ಅನ್ನೋ ಅರ್ಥದ್ದು. 2017ರಲ್ಲಿ ಆಗಿನ ಅಧ್ಯಕ್ಷ ಜೋಕೊ ವಿಡೋಡೊ ಅಲ್ಲಿಗೆ ಹೋಗಿ ಕುಡಿದರು. ಅದೇ ವರ್ಷ ‘ಕೋಪಿ ಕೆನಾಂಗನ್’ ಶುರುವಾಯ್ತು. ಕೆನಾಂಗನ್ ಅಂದ್ರೆ ನೆನಪು. ಅವರ ಹೆಸರುವಾಸಿ ಲೋಟದ ಹೆಸರು ‘ಹಳೇ ಪ್ರೀತಿಯ ನೆನಪಿನ ಕಾಫಿ’! 2021ರ ಕೊನೆಗೆ ಆ ಕಂಪನಿಯ ಬೆಲೆ 100 ಕೋಟಿ ಡಾಲರ್ ದಾಟಿತು.

ಲೋಟದ ಬೆಲೆ ಸುಮಾರು 18 ಸಾವಿರ ರುಪಿಯಾ ಇರ್ತಿತ್ತು. ಹೆದರಬೇಡಿ, ನಮ್ಮ ಒಂದು ರೂಪಾಯಿಗೆ ಅವರ ಹೆಚ್ಚುಕಮ್ಮಿ 190 ರುಪಿಯಾ. ಅಂದ್ರೆ ನೂರು ರೂಪಾಯಿಯ ಒಳಗೆ. ಕಾಲೇಜು ಹುಡುಗ ವಾರಕ್ಕೆ ಎರಡು ಮೂರು ಸಲ ಕೊಳ್ಳಬಹುದಾದ ಬೆಲೆ. ಈ ‘ಮತ್ತೆ ಮತ್ತೆ’ ಅನ್ನೋದನ್ನ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಅದೇ 2015ರಲ್ಲಿ ‘ಫಿಲೊಸೊಫಿ ಕೋಪಿ’ ಅನ್ನೋ ಸಿನಿಮಾ ಬಂತು. ತನ್ನದೇ ಪರಮ ಶ್ರೇಷ್ಠ ಕಾಫಿ ಅಂತ ಬೀಗುವ ಪೇಟೆಯ ಹುಡುಗ, ಹಳ್ಳಿಯ ಸಾಮಾನ್ಯ ರೈತನ ಕಾಫಿ ಮುಂದೆ ಸೋಲೋ ಕಥೆ. ಇಂಥವೆಲ್ಲ ಸೇರಿ, ಬೀನ್ಸ್ ಯಾವ ಬೆಟ್ಟದ್ದು, ಬೆಳೆದವರು ಯಾರು ಅಂತ ಕೇಳೋ ಒಂದು ಗುಂಪು ಹುಟ್ಟಿಕೊಂಡಿತು. ಗಾಯೊ, ತೊರಾಜಾ, ಕಿಂತಾಮಣಿ ಅಂತ ಊರಿನ ಹೆಸರು ಹೇಳಿ ಕಾಫಿ ಕೇಳ್ತಾರೆ.

ಇಲ್ಲಿ ನಮ್ಮ ಪಾಲೂ ಇದೆ. 1696ರಲ್ಲಿ, ಮತ್ತೆ 1699ರಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಸಸಿ ಒಯ್ದಿದ್ದು ನಮ್ಮ ಮಲಬಾರ್ ಕರಾವಳಿಯಿಂದ. 1876ರ ಸುಮಾರಿಗೆ ಎಲೆ ತುಕ್ಕು ರೋಗ ಬಂದು ಅಲ್ಲಿನ ಅರೇಬಿಕಾ ತೋಟಗಳು ಹಾಳಾದವು, ಆಮೇಲೆ ರೊಬಸ್ಟಾ ಬಂತು. ಇನ್ನೊಂದು ಕೊಂಡಿ ಇನ್ನೂ ಹತ್ತಿರದ್ದು. ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಎಸ್.795 ತಳಿ ನಿಮಗೆ ಗೊತ್ತು. ಅದೇ ತಳಿ ಇಂಡೋನೇಷ್ಯಾದಲ್ಲಿ ‘ಜೆಂಬರ್’ ಅನ್ನೋ ಹೆಸರಲ್ಲಿ ಹಬ್ಬಿದೆ. ಪೂರ್ವ ಜಾವಾದ ಜೆಂಬರ್ ಊರಿನ ಸಂಶೋಧನಾ ಕೇಂದ್ರ ಅದನ್ನು ಹಂಚಿತು, ಅದಕ್ಕೇ ಆ ಹೆಸರು. ಜಕಾರ್ತದ ಹುಡುಗನ ಅರೇಬಿಕಾ ಲೋಟದಲ್ಲಿ ಚಿಕ್ಕಮಗಳೂರಿನ ರಕ್ತ ಇರೋ ಸಾಧ್ಯತೆ ಚೆನ್ನಾಗೇ ಇದೆ.

ಲೋಟದ ತಳದಲ್ಲಿರೋ ಬೆಲ್ಲ

ಆ ಐಸ್ ಕಾಫಿಯ ರುಚಿ ಇರೋದು ತಳದ ಕಪ್ಪು ಪಾಕದಲ್ಲಿ. ಅದು ‘ಗುಲಾ ಆರೆನ್’, ಆರೆನ್ ತಾಳೆಯ ಬೆಲ್ಲ. ಮರ ನೋಡೋಕೆ ನಮ್ಮ ಮಲೆನಾಡಿನ ಬೈನೆ ಮರದ ದೊಡ್ಡಪ್ಪನ ಮಗನ ಹಾಗೆ. ಬೈನೆಯ ಹಾಗೇ ಮೇಲಿನ ಗೊನೆಯಿಂದ ಹೂ ಬಿಡ್ತಾ ಕೆಳಗೆ ಬಂದು, ಕೊನೆಗೆ ಸಾಯುತ್ತೆ.

ಹೂವಿನ ದಂಟಿಗೆ ಬರೋಕೇ ಎಂಟು ಹತ್ತು ವರ್ಷ ಬೇಕು. ಬಂದ ತಕ್ಷಣ ರಸ ಇಳಿಯೋದಿಲ್ಲ. ಗಂಡು ಹೂವಿನ ದಂಟನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿದು, ಅಲ್ಲಾಡಿಸಿ, ವಾರಗಟ್ಟಲೆ ಪಳಗಿಸಬೇಕು. ಆಮೇಲೆ ತುದಿ ಕೊಯ್ದು ಬಿದಿರಿನ ಕೊಳವೆ ಕಟ್ಟೋದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮರ ಹತ್ತಬೇಕು, ಮಳೆಯಾದ್ರೂ ಹಬ್ಬವಾದ್ರೂ. ಹೊತ್ತಾದ್ರೆ ರಸ ಹುಳಿ ಬರುತ್ತೆ. ಇಳಿಸಿದ್ದನ್ನು ಗಂಟೆಗಟ್ಟಲೆ ಸೌದೆ ಒಲೆಯ ಮೇಲೆ ಕಾಯಿಸಿ, ತೆಂಗಿನ ಚಿಪ್ಪಿಗೋ ಬಿದಿರಿನ ಅಚ್ಚಿಗೋ ಹಾಕಬೇಕು.

ಒಂದು ಕಾಲಕ್ಕೆ ಇದು ಹಳ್ಳಿ ಅಡುಗೆಮನೆಯ ಸಾಮಾನು. ಐಸ್ ಕಾಫಿ ಬಂದ ಮೇಲೆ ‘ಆರೆನ್’ ಅನ್ನೋದು ಪ್ರತಿ ಕಾಫಿ ಅಂಗಡಿಯ ಬೋರ್ಡಿನ ಮೇಲೆ ಬಂತು. ಬೇಡಿಕೆ ಏರಿದ ಹಾಗೆ ಎರಡು ಕೆಲಸ ಆಯ್ತು. ಕೆಲವು ಕಡೆ ಯುವಕರು ಗುಂಪು ಕಟ್ಟಿಕೊಂಡು ಅಚ್ಚು ಬೆಲ್ಲದ ಬದಲು ಪುಡಿ, ದ್ರವ ಬೆಲ್ಲ ಮಾಡಿ ತಾವೇ ಹೆಸರಿಟ್ಟು ಮಾರಿದರು. ಇನ್ನು ಕೆಲವು ಕಡೆ ಬಿಳಿ ಸಕ್ಕರೆ ಬೆರೆಸಿದ ‘ಆರೆನ್’ ಮಾರ್ಕೆಟ್ಟಿಗೆ ಬಂದು, ನಿಜವಾಗಿ ಮರ ಹತ್ತೋನ ಬೆಲ್ಲಕ್ಕೆ ಪೈಪೋಟಿ ಕೊಟ್ಟಿತು. ಮನೆ ಬಾಗಿಲಿಗೆ ಬಂದು ಮುಂಗಡ ಕೊಟ್ಟು ಎತ್ತಿಕೊಂಡು ಹೋಗೋ ದಲ್ಲಾಳಿಗೆ ಅಲ್ಲಿ ‘ತೆಂಗ್‌ಕುಲಾಕ್’ ಅಂತಾರೆ. ಹೆಸರು ಬೇರೆ, ಮನುಷ್ಯ ಒಬ್ಬನೇ.

ಅಂದ್ರೆ ಟ್ರೆಂಡು ಬಂತು ಅಂದ ಮಾತ್ರಕ್ಕೆ ದುಡ್ಡು ಮರದ ಬುಡಕ್ಕೆ ಬರೋದಿಲ್ಲ. ಪಾಕ ಮಾಡಿ ಬಾಟಲಿಗೆ ತುಂಬಿ, ಕಾಫಿ ಅಂಗಡಿಯ ಫೋನ್ ನಂಬರ್ ಇಟ್ಕೊಂಡವನಿಗೆ ಬರುತ್ತೆ.

ಹುಳ ತಿಂದ ಹಾಗಿರೋ ಎಲೆ

ಈಗ ನನ್ನ ಕಥೆ. 2020ರ ಲಾಕ್‌ಡೌನ್ ಹೊತ್ತಿಗೆ ಇಂಡೋನೇಷ್ಯಾದ ಹುಡುಗರಿಗೆ ಅಲಂಕಾರಿಕ ಗಿಡದ ಹುಚ್ಚು ಹಿಡೀತು. ಮುಖ್ಯವಾಗಿ ಮಾನ್‌ಸ್ಟೆರಾ ಅಡಾನ್ಸೋನಿ, ಎಲೆ ತುಂಬಾ ತೂತಿರೋ ಬಳ್ಳಿ. ಅಲ್ಲಿನ ಹೆಸರು ‘ಜಂಡಾ ಬೊಲೊಂಗ್’, ತೂತುಬಿದ್ದ ವಿಧವೆ. ಕೇಳೋಕೆ ಅಸಹ್ಯ. ಜಾವಾ ಭಾಷೆಯಲ್ಲಿ ‘ಎಲೆಗಳೆಲ್ಲ ತೂತು’ ಅನ್ನೋಕೆ ‘ರೋನ್ ದೊ ಬೊಲೊಂಗ್’ ಅಂತಿದ್ದದ್ದನ್ನು, ವಿಧವೆ ಅನ್ನೋ ಅರ್ಥದ ‘ರೊಂಡೊ’ ಅಂತ ತಪ್ಪಾಗಿ ಕೇಳಿಸಿಕೊಂಡು ಆದ ಹೆಸರು ಅಂತಾರೆ. ಬಿಳಿ ಮಚ್ಚೆ ಇರೋ ಅಪರೂಪದ ಗಿಡ ಒಂದಕ್ಕೆ 10 ಕೋಟಿ ರುಪಿಯಾವರೆಗೂ ಬೆಲೆ ಹೋಯ್ತು ಅನ್ನೋ ಸುದ್ದಿ ಬಂತು. ಆಗಿನ ಲೆಕ್ಕದಲ್ಲಿ ನಮ್ಮ ಐದು ಲಕ್ಷ ರೂಪಾಯಿ.

ನಾನು ತೋಟಗಾರಿಕೆ ಓದಿದವನು. ಸಸ್ಯಾಭಿವೃದ್ಧಿ ಪರೀಕ್ಷೆಯಲ್ಲಿ ಒಳ್ಳೇ ನಂಬರ್ ತಗೊಂಡವನು. ರಾತ್ರಿಯೆಲ್ಲ ಅಲ್ಲಿನ ಮಾರಾಟಗಾರರ ಲೈವ್ ನೋಡ್ತಾ ಕೂತು, ಇದು ನಮ್ಮಲ್ಲೂ ಬರುತ್ತೆ ಅಂತ ಲೆಕ್ಕ ಹಾಕಿದೆ. 2021ರ ಶುರುವಿನಲ್ಲಿ ನೆರಳು ಪರದೆ ಕಟ್ಟಿಸಿ, ಬೆಂಗಳೂರಿನ ಸಂಗ್ರಾಹಕರಿಂದ ತಾಯಿ ಗಿಡಗಳನ್ನು ತಂದೆ. ಒಟ್ಟು ಖರ್ಚು 1 ಲಕ್ಷದ 40 ಸಾವಿರ. ಅಪ್ಪ ನೋಡಿದವರು, ‘ಎಂಥ ಮಾರಾಯ ಇದು? ಹುಳ ತಿಂದ ಎಲೆಗೆ ದುಡ್ಡು ಕೊಟ್ಟು ತಂದ್ಯಾ? ನಮ್ಮ ಬದನೆ ಗಿಡದಲ್ಲಿ ಪುಕ್ಕಟೆ ಸಿಗ್ತಿತ್ತಲ್ಲ’ ಅಂದರು.

ಮೊದಲ ನಾಲ್ಕು ತಿಂಗಳು ಅಪ್ಪನ ಬಾಯಿ ಮುಚ್ಚಿಸಿದೆ. ಬೇರು ಬಂದ ತುಂಡು ಒಂದಕ್ಕೆ 900 ರೂಪಾಯಿ. ಆಮೇಲೆ 600. ಮುಂದಿನ ವರ್ಷದ ಮಳೆಗಾಲದ ಹೊತ್ತಿಗೆ 150, ಅದಕ್ಕೂ ‘ಕೊರಿಯರ್ ಫ್ರೀನಾ?’ ಅನ್ನೋ ಪ್ರಶ್ನೆ. ಅಸಲಿನ ಅರ್ಧವೂ ಬರಲಿಲ್ಲ.

ತಪ್ಪು ಎಲ್ಲಿ ಆಯ್ತು? ನನ್ನ ಪುಸ್ತಕದಲ್ಲೇ ಉತ್ತರ ಇತ್ತು. ಈ ಬಳ್ಳಿಯ ಪ್ರತಿ ಗಂಟೂ ಒಂದು ಗಿಡ. ಬೆಚ್ಚಗೆ, ತೇವವಾಗಿ ಇಟ್ರೆ ಮೂರು ನಾಲ್ಕು ವಾರಕ್ಕೆ ಬೇರು. ಒಂದು ಗಿಡ ಆರು ತಿಂಗಳಿಗೆ ಹತ್ತಾದ್ರೆ, ವರ್ಷಕ್ಕೆ ನೂರು. ನನ್ನಿಂದ ಕೊಂಡ ಗಿರಾಕಿಯೇ ಮುಂದಿನ ವರ್ಷ ನನ್ನ ಪ್ರತಿಸ್ಪರ್ಧಿ. ಬಿಳಿ ಮಚ್ಚೆಯದ್ದೂ ಗ್ಯಾರಂಟಿ ಇಲ್ಲ. ಆ ಬಣ್ಣ ಕಾಂಡದ ಕೆಲವು ಜೀವಕೋಶಗಳ ವ್ಯತ್ಯಾಸದಿಂದ ಬರೋದು, ಹೊಸ ಚಿಗುರು ಪೂರ್ತಿ ಹಸಿರಾಗಿ ತಿರುಗಿಬಿಡಬಹುದು.

ಇಂಡೋನೇಷ್ಯಾದವರಿಗೂ ಇದು ಹೊಸ ಪಾಠ ಆಗಬೇಕಿರಲಿಲ್ಲ. 2006–07ರಲ್ಲಿ ಅಲ್ಲಿ ‘ಗೆಲೊಂಬಾಂಗ್ ಚಿಂತಾ’, ಅಂದ್ರೆ ಪ್ರೀತಿಯ ಅಲೆ, ಅನ್ನೋ ಆಂಥೂರಿಯಂ ಹುಚ್ಚು ಬಂದಿತ್ತು. ಎಲೆ ಎಣಿಸಿ ಬೆಲೆ ಕಟ್ತಿದ್ರು. ಸ್ವಲ್ಪೇ ಕಾಲದಲ್ಲಿ ಬೆಲೆ ನೆಲಕಚ್ಚಿತು. 2014–15ರಲ್ಲಿ ಉಂಗುರದ ‘ಅಕಿಕ್’ ಕಲ್ಲಿನ ಹುಚ್ಚಿಗೂ ಅದೇ ಗತಿ. ನಾನು 2020ರ ವಿಡಿಯೋ ನೋಡಿದೆ, 2007ರ ಕಥೆ ಓದಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳ್ತೀನಿ. ಇನ್‌ಸ್ಟಾಗ್ರಾಮ್‌ನಲ್ಲಿ ಇಂಡೋನೇಷ್ಯಾ, ಥಾಯ್ಲೆಂಡ್‌ನಿಂದ ನೇರ ಗಿಡ ಕಳಿಸ್ತೀವಿ ಅನ್ನೋರು ಈಗಲೂ ಇದ್ದಾರೆ. ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡ ತರಿಸೋದು ಕಾನೂನು ಪ್ರಕಾರ ತಪ್ಪು. ಕಾನೂನು ಬಿಡಿ, ಪಾರ್ಸೆಲ್ಲಿನ ಜೊತೆ ಬರೋ ಹಿಟ್ಟು ತಿಗಣೆ, ಜಂತುಹುಳು ನಿಮ್ಮ ಅಡಿಕೆ, ಮೆಣಸಿಗೆ ಹತ್ತಿದ್ರೆ ಯಾರನ್ನ ಕೇಳ್ತೀರಿ?

‘ಮಿಲೇನಿಯಲ್ ರೈತ’ ಅನ್ನೋ ಬಿರುದು

ಅಲ್ಲಿನ ಸರ್ಕಾರಕ್ಕೂ ಒಂದು ಚಿಂತೆ ಇದೆ. ಹಳ್ಳಿ ಹುಡುಗರು ಪೇಟೆಗೆ ಹೋಗ್ತಾರೆ, ಹೊಲದಲ್ಲಿ ವಯಸ್ಸಾದವರೇ ಉಳೀತಾರೆ. ಕೇಳಿದ ಹಾಗಿದೆಯಾ? 2023ರ ಕೃಷಿ ಗಣತಿಯಲ್ಲಿ 19ರಿಂದ 39 ವಯಸ್ಸಿನವರನ್ನು ‘ಪೆತಾನಿ ಮಿಲೇನಿಯಲ್’, ಮಿಲೇನಿಯಲ್ ರೈತರು, ಅಂತ ಬೇರೆಯಾಗಿ ಎಣಿಸಿದರು. ಸುಮಾರು 62 ಲಕ್ಷ ಜನ, ಒಟ್ಟು ರೈತರಲ್ಲಿ ಶೇ 22.

ಪಶ್ಚಿಮ ಜಾವಾ ಪ್ರಾಂತ್ಯ 2021ರಲ್ಲಿ ಇದೇ ಹೆಸರಿನ ಯೋಜನೆ ಶುರು ಮಾಡಿತು. ಘೋಷಣೆ ಚೆಂದ ಇತ್ತು: ವಾಸ ಹಳ್ಳಿಯಲ್ಲಿ, ಸಂಪಾದನೆ ಪೇಟೆಯದ್ದು, ವ್ಯಾಪಾರ ಜಗತ್ತಿನ ಜೊತೆ. ತರಬೇತಿ, ಬ್ಯಾಂಕ್ ಸಾಲ, ಬೆಳೆದದ್ದನ್ನು ಕೊಳ್ಳೋಕೆ ಒಂದು ಕಂಪನಿ. ಹಲವರಿಗೆ ಉಪಯೋಗವೂ ಆಯ್ತು. ಆದ್ರೆ 2023ರ ಶುರುವಿನಲ್ಲಿ ಅಲಂಕಾರಿಕ ಗಿಡ ಬೆಳೆದಿದ್ದ ಒಬ್ಬ ಯುವಕನ ಬರಹ ದೇಶವೆಲ್ಲ ಓಡಾಡಿತು. ಗಿಡದ ದುಡ್ಡು ಹೇಳಿದ ಹಾಗೆ ಬರಲಿಲ್ಲ, ಸಾಲದ ನೋಟಿಸ್ ಮಾತ್ರ ತಪ್ಪದೆ ಬಂತು ಅನ್ನೋದು ಅವನ ಅಳಲು. ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯ್ತು. ನಾನು ಕಳ್ಕೊಂಡಿದ್ದು ಕೈಯ ದುಡ್ಡು, ಅವನ ತಲೆ ಮೇಲಿದ್ದಿದ್ದು ಬ್ಯಾಂಕಿನದ್ದು.

ಟ್ರೆಂಡ್ ಬೆಳೆಗೆ ಸಾಲ ಮಾಡಬೇಡಿ ಅಂತ ನಾನು ಹೇಳಿದಾಗ ‘ಧೈರ್ಯ ಇಲ್ಲ ನಿಮಗೆ’ ಅಂತ ಕೆಲವರು ಕಮೆಂಟ್ ಹಾಕ್ತೀರಿ. ಸಾಲದ ಕಂತಿಗೆ ಮೂರು ವರ್ಷ ಆಯಸ್ಸು, ಟ್ರೆಂಡಿಗೆ ಒಂದೂವರೆ ವರ್ಷ. ಉಳಿದ ಒಂದೂವರೆ ವರ್ಷದ ಕಂತು ಯಾವ ಬೆಳೆಯಿಂದ ಕಟ್ತೀರಿ ಅನ್ನೋದಕ್ಕೆ ಉತ್ತರ ಇದ್ರೆ ಮಾಡಿ.

ಫೋನಿನೊಳಗಿನ ಸಂತೆ

ಇಂಡೋನೇಷ್ಯಾದ ಹುಡುಗರು ಲೈವ್‌ನಲ್ಲಿ ಮಾರೋದ್ರಲ್ಲಿ ಎತ್ತಿದ ಕೈ. ಬಟ್ಟೆ, ಸಾಂಬಾಲ್ ಚಟ್ನಿ, ಹಣ್ಣು, ಗಿಡ ಎಲ್ಲ ಟಿಕ್‌ಟಾಕ್ ಲೈವ್‌ನಲ್ಲೇ. 2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಸೋಶಿಯಲ್ ಮೀಡಿಯಾ ಒಳಗೇ ಮಾರಾಟ ಮಾಡಬಾರದು ಅಂತ ನಿಯಮ ತಂತು. ಸಂತೆಯ ಸಣ್ಣ ವ್ಯಾಪಾರಿಗಳಿಗೆ ಹೊಡೆತ ಬೀಳ್ತಿದೆ ಅನ್ನೋದು ಕಾರಣ. ಅಕ್ಟೋಬರ್ 4ಕ್ಕೆ ಟಿಕ್‌ಟಾಕ್ ಶಾಪ್ ಬಾಗಿಲು ಹಾಕಿತು. ಡಿಸೆಂಬರ್‌ನಲ್ಲಿ ತೊಕೊಪೀಡಿಯಾ ಅನ್ನೋ ಅಲ್ಲಿನ ಕಂಪನಿಯ ಜೊತೆ ಸೇರಿ ಮತ್ತೆ ಬಂತು. ಆ ಎರಡು ತಿಂಗಳು ಅದನ್ನೇ ನಂಬಿದವರ ಗತಿ ಯೋಚಿಸಿ.

ನಮಗೆ ಯೋಚಿಸೋಕೆ ಕಷ್ಟವಿಲ್ಲ. 2020ರ ಜೂನ್ 29ರ ರಾತ್ರಿ ನಮ್ಮಲ್ಲಿ ಟಿಕ್‌ಟಾಕ್ ನಿಂತಾಗ, ಲಕ್ಷ ಫಾಲೋವರ್ಸ್ ಇದ್ದ ನಮ್ಮ ಹಳ್ಳಿ ಹುಡುಗರ ಕೈಯಲ್ಲಿ ಬೆಳಿಗ್ಗೆ ಒಬ್ಬನ ನಂಬರೂ ಇರಲಿಲ್ಲ.

ಆಪ್ ಕಂಪನಿಗಳ ಕಥೆಯೂ ಹೀಗೇ. 2016ರಲ್ಲಿ ಶುರುವಾದ ‘ತಾನಿಹಬ್’ ರೈತನಿಂದ ನೇರ ಪೇಟೆಗೆ ತರಕಾರಿ ಅಂತ ದೊಡ್ಡ ಹೆಸರು ಮಾಡಿತ್ತು. ಕೋಟಿಗಟ್ಟಲೆ ಡಾಲರ್ ಬಂಡವಾಳ ಬಂತು. 2022ರ ಶುರುವಿನಲ್ಲಿ ಗೋದಾಮುಗಳನ್ನು ಮುಚ್ಚಿ, ಮನೆಮನೆಗೆ ಮಾರೋದು ನಿಲ್ಲಿಸಿತು. ಆಪ್ ಬೇಡ ಅಂತ ನಾನು ಹೇಳ್ತಿಲ್ಲ, ನಾನೂ ಬಳಸ್ತೀನಿ. ಆದ್ರೆ ಬೇರೆಯವರ ಅಂಗಳದಲ್ಲಿ ಅಂಗಡಿ ಇಟ್ಟವನು ತನ್ನ ಗಿರಾಕಿಯ ಮನೆ ದಾರಿ ತಿಳ್ಕೊಂಡಿರಬೇಕು.

‘ಮೊದಲು ಓಡಿಹೋಗೋಣ’

2025ರ ಫೆಬ್ರವರಿಯಲ್ಲಿ ಅಲ್ಲಿನ ಹುಡುಗರ ನಡುವೆ ಒಂದು ಹ್ಯಾಷ್‌ಟ್ಯಾಗ್ ಹಬ್ಬಿತು: ‘ಕಾಬೂರ್ ಆಜಾ ದುಲು’. ಸದ್ಯಕ್ಕೆ ಓಡಿಹೋಗಿಬಿಡೋಣ ಅಂತ ಅರ್ಥ. ಕೆಲಸ ಇಲ್ಲ, ಇದ್ರೂ ಸಂಬಳ ಸಾಲಲ್ಲ, ದೇಶ ಬಿಡೋಣ ಅನ್ನೋ ಸಿಟ್ಟು. ಜಪಾನ್, ಜರ್ಮನಿ, ಆಸ್ಟ್ರೇಲಿಯಾಕ್ಕೆ ಹೋಗೋ ದಾರಿಗಳನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟರು. ನನಗೆ ನೆನಪಲ್ಲಿ ಉಳಿದಿದ್ದು ಒಂದು ವಿಚಿತ್ರ. ಇಂಡೋನೇಷ್ಯಾದಿಂದ ಜಪಾನಿಗೆ ತರಬೇತಿ ವೀಸಾದಲ್ಲಿ ಹೋಗೋ ಹುಡುಗರಲ್ಲಿ ಒಂದಷ್ಟು ಜನ ಮಾಡೋದು ಕೃಷಿ ಕೆಲಸವೇ. ಎಲೆಕೋಸು ಕೊಯ್ಯೋದು, ಸ್ಟ್ರಾಬೆರಿ ಬಿಡಿಸೋದು. ಅಂದ್ರೆ ಓಡಿಹೋಗೋದು ಮಣ್ಣಿನಿಂದ ಅಲ್ಲ. ತಿಂಗಳ ಕೊನೆಗೆ ಇಷ್ಟು ಬರುತ್ತೆ ಅಂತ ಹೇಳೋಕಾಗದ ಅನಿಶ್ಚಿತತೆಯಿಂದ.

ನನ್ನ ಜೊತೆ ಓದಿದವರಲ್ಲಿ ಮುಕ್ಕಾಲು ಜನ ಈಗ ಬ್ಯಾಂಕಿನಲ್ಲೋ ಗೊಬ್ಬರ ಕಂಪನಿಯಲ್ಲೋ ಇದ್ದಾರೆ. ಅವರನ್ನು ನಾನು ಬೈಯಲ್ಲ. ಗಿಡದ ದುಡ್ಡು ಮುಳುಗಿದ ವರ್ಷ ನಾನೂ ಅರ್ಜಿ ಹಾಕಿದ್ದೆ. ಕರೆಯೂ ಬಂದಿತ್ತು. ಹೋಗದೆ ಉಳಿಸಿದ್ದು ವಾರಕ್ಕೊಂದು ಬುಟ್ಟಿ ತರಕಾರಿ ತಗೊಳ್ತಿದ್ದ 34 ಮನೆಗಳು. ಗತ್ತಿಲ್ಲದ, ರೀಲ್ಸ್ ಮಾಡೋಕಾಗದ ಬೀನ್ಸು, ಬೆಂಡೆ, ಸೊಪ್ಪು. ಆದ್ರೆ ಪ್ರತಿ ಶನಿವಾರ ದುಡ್ಡು.

ನಾನು ಈಗ ಹಾಕೋ ಐದು ಲೆಕ್ಕ

ಯಾವುದಾದ್ರೂ ಹೊಸ ಬೆಳೆ, ಹೊಸ ಟ್ರೆಂಡು ಫೋನಿಗೆ ಬಂದಾಗ ಇವನ್ನು ಪುಸ್ತಕದಲ್ಲಿ ಬರೆದು ನೋಡ್ತೀನಿ. ನೀವೂ ಬರೆಯಿರಿ.

1. ಇದು ಎಷ್ಟು ಬೇಗ ಎರಡಾಗುತ್ತೆ? ತುಂಡು ನೆಟ್ರೆ ಬರೋ ಗಿಡದ ದೊಡ್ಡ ಬೆಲೆ ನಿಲ್ಲಲ್ಲ. ವರ್ಷಗಟ್ಟಲೆ ಕಾಯಬೇಕಾದ, ಕೈಚಳಕ ಬೇಕಾದ ಬೆಳೆಗೆ ಪೈಪೋಟಿ ನಿಧಾನ.

2. ಕೊಂಡವನು ಮತ್ತೆ ಯಾವಾಗ ಬರ್ತಾನೆ? ಕಾಫಿ ಕುಡಿದವನು ನಾಳೆ ಬರ್ತಾನೆ. ಗಿಡ ಕೊಂಡವನು ಅದು ಸತ್ತರೆ ಮಾತ್ರ ಬರ್ತಾನೆ.

3. ಕೊಳ್ತಿರೋರು ಬಳಸೋರೋ, ಬೆಳೆಸಿ ಮಾರೋರೋ? ನಿಮ್ಮ ಗಿರಾಕಿಗಳೆಲ್ಲ ನಾಳೆ ಮಾರೋಕೆಂದೇ ಕೊಳ್ತಿದ್ರೆ ಅದು ಮಾರ್ಕೆಟ್ಟಲ್ಲ, ಕುರ್ಚಿ ಆಟ. ಸಸಿ ಮಾರಿ ‘ವಾಪಸ್ ನಾವೇ ಕೊಳ್ತೀವಿ’ ಅನ್ನೋರಿಗೂ ಇದೇ ಪರೀಕ್ಷೆ.

4. ಗಿರಾಕಿಯ ನಂಬರ್ ಯಾರ ಹತ್ರ ಇದೆ? ಆಪ್ ನಾಳೆ ಮುಚ್ಚಿದ್ರೆ ಎಷ್ಟು ಜನಕ್ಕೆ ನಾನೇ ಫೋನ್ ಮಾಡಬಲ್ಲೆ?

5. ಪೂರ್ತಿ ಮುಳುಗಿದ್ರೆ ಮನೆ ನಡೆಯುತ್ತಾ? ನಾನು ಹೊಸದಕ್ಕೆ ಕೊಡೋದು ಜಾಗದಲ್ಲಿ ಹತ್ತರಲ್ಲಿ ಒಂದು ಪಾಲು, ಸಾಲ ಸೊನ್ನೆ.

ಈ ಐದರಲ್ಲಿ ಪಾಸಾದ ಒಂದು ಪ್ರಯೋಗ ಹೇಳಿ ಮುಗಿಸ್ತೀನಿ. ಆರೆನ್ ಕಥೆ ಓದಿದ ಮೇಲೆ ಮೊದಲು ಬೈನೆ ಮರದ ಯೋಚನೆ ಬಂತು. ಆದ್ರೆ ನೀರಾ ಇಳಿಸೋಕೆ ಅಬಕಾರಿ ಅನುಮತಿ ಬೇಕು, ಮರ ಹತ್ತೋರೂ ಇಲ್ಲ. ನಮ್ಮ ಸಾಗರದ ಕಡೆ ಜೋನಿ ಬೆಲ್ಲ ಇದೆಯಲ್ಲ? ಪಕ್ಕದ ಊರಿನ ಆಲೆಮನೆಯಿಂದ ರಾಸಾಯನಿಕ ಹಾಕದ ಜೋನಿ ಬೆಲ್ಲ ತಂದು, ಶಿವಮೊಗ್ಗದಲ್ಲಿ ನಮ್ಮ ವಯಸ್ಸಿನ ಹುಡುಗರು ನಡೆಸೋ ಕೆಫೆಗೆ ಕೊಟ್ಟೆ. ‘ಬೆಲ್ಲ ಹಾಕಿದ್ರೆ ಹಾಲು ಒಡೆಯುತ್ತೆ ಅಣ್ಣ’ ಅಂದರು. ಬಿಸಿ ಹಾಲಿಗೆ ಒಡೆಯುತ್ತೆ, ನಿಜ. ತಣ್ಣನೆ ಹಾಲಿಗೆ ಹಾಕಿ ನೋಡಿ ಅಂದೆ. ಲೋಟದ ತಳಕ್ಕೆ ಬೆಲ್ಲ, ಐಸ್, ತಣ್ಣನೆ ಹಾಲು, ಮೇಲೆ ಗಟ್ಟಿ ಡಿಕಾಕ್ಷನ್. ಒಡೆಯಲಿಲ್ಲ.

ಮೊದಲ ಕಂತು ಹುಳಿ ಬಂತು, ಅದನ್ನೂ ಹೇಳಬೇಕು. ಸುಲಭವಾಗಿ ಸುರಿಯಲಿ ಅಂತ ನಾನು ನೀರು ಬೆರೆಸಿದ್ದೆ. ನೀರು ಬಿದ್ದ ಬೆಲ್ಲ ಫ್ರಿಜ್ಜಿನ ಹೊರಗೆ ಕೆಲವೇ ದಿನ. ಈಗ ಪಾಕ ಸುಮಾರು 105 ಡಿಗ್ರಿಗೆ ಬಂದಾಗ ಇಳಿಸೋಕೆ ಹೇಳಿ, ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜಿನ ಬಾಟಲಿಗೆ ಹಾಕ್ತೀವಿ. ತೆಳು ಮಾಡೋ ಕೆಲಸ ಕೆಫೆಯವರದ್ದು, ಆಯಾ ದಿನಕ್ಕೆ ಬೇಕಾದಷ್ಟು. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ್ದೀನಿ. ನೀವೂ ಮಾಡಿಸದೆ ಬಾಟಲಿಗೆ ಲೇಬಲ್ ಅಂಟಿಸಬೇಡಿ. ತಿಂಗಳಿಗೆ 40 ಕೆಜಿ ಹೋಗ್ತಿದೆ. ಶ್ರೀಮಂತನಾಗಿಲ್ಲ. ಆದ್ರೆ ಆಲೆಮನೆಯವರಿಗೆ ಸಂತೆಗಿಂತ ಕೆಜಿಗೆ 20 ರೂಪಾಯಿ ಹೆಚ್ಚು ಸಿಗ್ತಿದೆ, ನನಗೂ ಒಂದಿಷ್ಟು ಉಳೀತಿದೆ. ಕೆಫೆಯ ಹುಡುಗರು ಬೋರ್ಡಿನ ಮೇಲೆ ಆಲೆಮನೆಯ ಊರಿನ ಹೆಸರು ಬರೆದಿದ್ದಾರೆ.

ಹೋದ ತಿಂಗಳು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿಗೂ ಹೋಗಿದ್ದೆವು. ಅರ್ಧ ಲೋಟ ಕುಡಿದು, ಬೋರ್ಡು ಓದಿ, ‘ಐಸ್ ಜಾಸ್ತಿ ಆಯ್ತು’ ಅಂದರು. ಲೋಟ ಮಾತ್ರ ಖಾಲಿ ಮಾಡಿದರು.

ನೆರಳು ಪರದೆ ಈಗಲೂ ಇದೆ, ಅದರ ಕೆಳಗೆ ಕೊತ್ತಂಬರಿ, ಪಾಲಕ್ ಬರ್ತಿದೆ. ಒಂದು ಮೂಲೆಯಲ್ಲಿ ಆ ತೂತಿನ ಬಳ್ಳಿ ಕಂಬ ಹಿಡಿದು ಹತ್ತಿದೆ. ನಿಮ್ಮ ಊರಿನ ಹತ್ರದ ಪೇಟೆಯ ಹುಡುಗರು ಏನು ಕುಡೀತಾರೆ, ಏನು ತಿಂತಾರೆ, ಅದರಲ್ಲಿ ನಿಮ್ಮ ಹೊಲದ್ದು ಏನಿರಬಹುದು? ಈ ಭಾನುವಾರ ಒಂದು ಸುತ್ತು ಹೋಗಿ ಕೂತು ನೋಡಿ ಬನ್ನಿ. ನೊಂಗ್‌ಕ್ರೊಂಗ್ ಅಂತಲೇ ಅಂದ್ಕೊಳ್ಳಿ, ಪುಸ್ತಕ ಪೆನ್ನು ಮಾತ್ರ ಜೇಬಲ್ಲಿರಲಿ.